ಗಾಜಿನ ಕಪಾಟಿನೊಳಗಣ ಮನೆತನ

ಸ್ಥಿತಿವಂತರ ಮನೆಗಳಲ್ಲಿ ಮಾತ್ರವಲ್ಲ, ಸಾಧಾರಣ ನೌಕರಿಯ ಕುಟುಂಬಗಳ ಮನೆಗಳಲ್ಲಿಯೂ ಇಂದು ಪಡಸಾಲೆಯನ್ನು ಪ್ರವೇಶಿಸಿದೊಡನೆ ಕಣ್ಣಿಗೆ ಬೀಳುವುದು ಗಾಜಿನ ಬಾಗಿಲುಳ್ಳ ಒಂದು ಕಪಾಟು. ಜನರ ಬಾಯಲ್ಲಿ ಅದು ಷೋಕೇಸ್. ಕೆಲವರಿಗೆ ಅದು ಅಜ್ಜನಿಂದ ಬಂದ ಸಾಗವಾನಿಯ ಆಸ್ತಿ. ಮತ್ತೆ ಕೆಲವರು ಹಳೆಯ ಸಾಮಾನುಗಳ ಅಂಗಡಿಯನ್ನು ಹುಡುಕಿಕೊಂಡು ಹೋಗಿ, ಹೊಸ ಕಪಾಟಿಗಿಂತ ಹೆಚ್ಚಿನ ಬೆಲೆ ತೆತ್ತು ತಂದಿರುತ್ತಾರೆ. ಅದರೊಳಗೆ ಚನ್ನಪಟ್ಟಣದ ಬೊಂಬೆ, ಬೀದರಿನ ಹೂದಾನಿ, ಕಿನ್ನಾಳದ ಗೊಂಬೆ, ಗಂಧದ ಮರದ ಆನೆ, ಮಗನು ಶಾಲೆಯಲ್ಲಿ ಗೆದ್ದ ಪಾರಿತೋಷಕ, ಪರದೇಶದಲ್ಲಿರುವ ಮಗಳು ತಂದ ಪಿಂಗಾಣಿಯ ಬಟ್ಟಲು. ಇವೆಲ್ಲ ಸರಿಯೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಅದೇ ಹಲಗೆಯ ಮೇಲೆ, ಅದೇ ಪಿಂಗಾಣಿ ಬಟ್ಟಲಿನ ಪಕ್ಕದಲ್ಲಿ, ಹಿರಿಯರ ಬೆಳ್ಳಿಯ ಕರಡಿಗೆ, ವಿಭೂತಿಯ ಬಟ್ಟಲು, ತಾಡವೋಲೆಯ ಕಟ್ಟು ಇವುಗಳನ್ನೂ ಅಲಂಕಾರಕ್ಕೆಂದು ಇಟ್ಟಿರುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಗಾಜಿನ ಕಪಾಟು ನಮ್ಮ ಹಳೆಯ ಮನೆಗಳ ವಸ್ತುವಲ್ಲ. ಉತ್ತರ ಕರ್ನಾಟಕದ ವಾಡೆಗಳನ್ನು, ಮಣ್ಣಿನ ಮಾಳಿಗೆಯ ಮನೆಗಳನ್ನು ನೆನೆಯಿರಿ. ಕಾಳು ಹಗೇವಿನಲ್ಲಿ, ಒಡವೆ ವಸ್ತ್ರಗಳು ಸಂದೂಕಿನಲ್ಲಿ, ದೀಪವು ಗೋಡೆಯ ಮಾಡದಲ್ಲಿ, ಓಲೆಯ ಕಟ್ಟುಗಳು ಅರಿವೆಯಲ್ಲಿ ಸುತ್ತಿಸಿಕೊಂಡು ದೇವರ ಜಗಲಿಯ ಮೇಲೆ ಇರುತ್ತಿದ್ದವು. ಬೆಲೆಯುಳ್ಳದ್ದನ್ನು ಮುಚ್ಚಿಡುವುದೇ ರೀತಿಯಾಗಿತ್ತು. ಬಂದವರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದುದು ಒಂದೇ: ಗೋಡೆಯುದ್ದಕ್ಕೂ ಹೊಡೆದ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ ತಾಮ್ರ ಹಿತ್ತಾಳೆಯ ಕೊಡ, ಹಂಡೆ, ತಪ್ಪಲೆ, ಪರಾತಗಳು. ಅದರಲ್ಲಿ ಮನೆತನದ ಹೆಮ್ಮೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಲಗ್ನ ಬಂದರೆ, ಜಾತ್ರೆಯ ದಾಸೋಹ ಬಂದರೆ ಆ ಪಾತ್ರೆಗಳು ಹಲಗೆಯಿಂದ ಇಳಿದು ಓಣಿಯ ಎಲ್ಲರ ಒಲೆಯ ಮೇಲೂ ಏರುತ್ತಿದ್ದವು. ನೆರೆಯವರು ಕೇಳಿದರೆ ಕೊಡಲೇಬೇಕಾಗಿತ್ತು. ನೋಡಲಿಕ್ಕಷ್ಟೇ ಇರುವ ಪಾತ್ರೆ ಎಂಬ ಕಲ್ಪನೆಯೇ ಆ ಮನೆಗಳಿಗೆ ಇರಲಿಲ್ಲ.

ನೋಡಲಿಕ್ಕಷ್ಟೇ ಇಡುವ ಕಪಾಟು ಹುಟ್ಟಿದ್ದು ಯುರೋಪಿನಲ್ಲಿ, ಅದೂ ಪಿಂಗಾಣಿಯ ವ್ಯಾಮೋಹದಿಂದ. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಮತ್ತು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳು ಚೀನದಿಂದ ನೀಲಿ ಬಿಳಿ ಪಿಂಗಾಣಿಯನ್ನು ತುಂಬಿಕೊಂಡು ಬಂದವು. ಅಂತಹ ಪಾತ್ರೆ ಮಾಡುವ ವಿದ್ಯೆ ಅಲ್ಲಿಯವರಿಗೆ ಇನ್ನೂ ತಿಳಿದಿರಲಿಲ್ಲವಾದ್ದರಿಂದ ಅರಮನೆಯವರು ಅದನ್ನು ರತ್ನದಂತೆ ಸಂಗ್ರಹಿಸಿದರು. 1694 ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಎರಡನೆಯ ಮೇರಿ ರಾಣಿಯು ಈ ಹವ್ಯಾಸಕ್ಕೆ ಹೆಸರಾದವಳು. ಮೊದಮೊದಲು ಪಿಂಗಾಣಿಯನ್ನು ಗೋಡೆಯ ಹಲಗೆಗಳ ಮೇಲೂ ಕಪಾಟುಗಳ ನೆತ್ತಿಯ ಮೇಲೂ ಪೇರಿಸುತ್ತಿದ್ದರು. ಧೂಳು ಬೀಳದಂತೆ, ಕೈ ತಾಗದಂತೆ, ಆದರೂ ಕಾಣುವಂತೆ ಇಡಬೇಕೆಂಬ ಆಸೆಯಿಂದ ಕಪಾಟಿನ ಬಾಗಿಲಿಗೆ ಗಾಜು ಬಂದಿತು.

ಆ ಕಾಲದ ಕಪಾಟುಗಳ ಬಾಗಿಲುಗಳಲ್ಲಿ ಮರದ ಸಣ್ಣ ಪಟ್ಟಿಗಳಿಂದ ಕೂಡಿದ ಅನೇಕ ಚೌಕಗಳಿರುವುದನ್ನು ಓದುಗರು ಚಿತ್ರಗಳಲ್ಲಿ ನೋಡಿರಬಹುದು. ಅದನ್ನು ಅಲಂಕಾರವೆಂದು ಇಂದಿನ ಬಡಿಗೇರರು ಅನುಕರಿಸುತ್ತಾರೆ. ವಾಸ್ತವವಾಗಿ ಅದು ಅನಿವಾರ್ಯವಾಗಿತ್ತು. ಕಾದ ಗಾಜನ್ನು ಕೊಳವೆಯ ತುದಿಯಲ್ಲಿ ಊದಿ, ಗಿರಗಿರನೆ ತಿರುಗಿಸಿ ತಟ್ಟೆಯಂತೆ ಹರಡಿಸಿ, ಅದರಿಂದ ಹಾಳೆಗಳನ್ನು ಕತ್ತರಿಸುತ್ತಿದ್ದರು. ದೊಡ್ಡ ಹಾಳೆ ದೊರೆಯುತ್ತಿರಲಿಲ್ಲ. ಅನಂತರ ಗಾಜನ್ನು ಉದ್ದನೆಯ ಸಿಲಿಂಡರಿನಂತೆ ಊದಿ, ಸೀಳಿ, ಬಿಚ್ಚಿ ಚಪ್ಪಟೆ ಮಾಡುವ ಕ್ರಮ ಹಬ್ಬಿತು. 1845 ರಲ್ಲಿ ಇಂಗ್ಲೆಂಡಿನ ಸರಕಾರವು ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿದ್ದರಿಂದ ಬೆಲೆ ಇಳಿಯಿತು. 1851 ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಸುಮಾರು 3 ಲಕ್ಷ ಗಾಜಿನ ಹಾಳೆಗಳ ಸ್ಫಟಿಕ ಭವನವನ್ನೇ ಕಟ್ಟಿದರು. ಊರಿನಷ್ಟು ದೊಡ್ಡ ಷೋಕೇಸ್ ಎನ್ನಬೇಕು. ಭಾರತದಿಂದ ಹೋದ ಕುಶಲ ವಸ್ತುಗಳಲ್ಲಿ ಬಿದರಿ ಕೆಲಸದವೂ ಇದ್ದವು. ನಮ್ಮ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ವಸ್ತುವು ಗಾಜಿನ ಹಿಂದೆ ನಿಂತು ನೋಡಿಸಿಕೊಳ್ಳಲು ಆರಂಭಿಸಿದ್ದು ಅಂತಹ ಪ್ರದರ್ಶನಗಳಿಂದ. 1889 ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೂ ಆ ಕಾಲದ ಆ ಹುಮ್ಮಸ್ಸಿನದೇ ಕೂಸು.

ನಮ್ಮ ನಾಡಿಗೆ ಗಾಜಿನ ಕಪಾಟು ಬಂದದ್ದು ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳ ಮೂಲಕ. ಅಧಿಕಾರಿಗೆ ವರ್ಗವಾದಾಗ ಭಾರವಾದ ಪೀಠೋಪಕರಣಗಳನ್ನು ಹೊತ್ತೊಯ್ಯುವ ಬದಲು ಅಲ್ಲಿಯೇ ಲಿಲಾವು ಮಾಡುವ ಪದ್ಧತಿ ಇತ್ತು. ಕೊಂಡವರು ಊರಿನ ವ್ಯಾಪಾರಿಗಳು, ವಕೀಲರು, ದೇಸಾಯರು. ಮಾದರಿ ಸಿಕ್ಕ ಮೇಲೆ ನಮ್ಮ ಬಡಿಗೇರರಿಗೆ ಮತ್ತೇನು ಬೇಕು? ದಾಂಡೇಲಿಯ ಕಡೆಯ ಸಾಗವಾನಿ, ಮಲೆನಾಡಿನ ಬೀಟೆ ಎರಡೂ ಕೈಗೆಟಕುವಷ್ಟು ಹತ್ತಿರವಿದ್ದವು. ಹಾಗೆ ಮಾಡಿದ ಕಪಾಟುಗಳಲ್ಲಿ ಕೆಲವಂತೂ ಮೂಲವನ್ನು ಮೀರಿಸುವಂತಿವೆ. ನೆತ್ತಿಯ ಮೇಲೆ ಕಮಲ, ಎರಡು ಬದಿಗೆ ಗಿಳಿ, ಕೆಳಗೆ ನಮ್ಮ ರಥದ ಗಾಲಿಯ ಕೆತ್ತನೆ. ಇಂಗ್ಲೆಂಡಿನ ಕಪಾಟಿಗೆ ಕನ್ನಡ ಮಾತು ಕಲಿಸಿದ ಆ ಬಡಿಗೇರರ ಹೆಸರು ಕಪಾಟಿನ ಮೇಲೆ ಕೊರೆದಿಲ್ಲ. ಮೈಸೂರಿನಲ್ಲಿ ಬೀಟೆಯ ಮರಕ್ಕೆ ದಂತವನ್ನು ಕೂಡಿಸುವ ಕೆಲಸವೂ ಇಂತಹ ಕಪಾಟುಗಳ ಬಾಗಿಲ ಮೇಲೆ ಕಾಣುತ್ತದೆ. ಆದರೆ ಅಂತಹುದನ್ನು ಕೊಳ್ಳಲು ಹೊರಟವರು ಎಚ್ಚರದಿಂದಿರಬೇಕು. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ ಅನಂತರ ಬಂದ ತಿದ್ದುಪಡಿಗಳಂತೆ ಆನೆದಂತದ ಕ್ರಯವಿಕ್ರಯ ನಿಷಿದ್ಧವಾಗಿದೆ. ಎಷ್ಟು ಹಳೆಯದೆಂದರೂ ನಡೆಯದು.

ಹಳೆಯದೆಂದು ಹೇಳಿ ಹೊಸದನ್ನು ಮಾರುವವರು ಇಂದು ಬಹಳವಿದ್ದಾರೆ. ಚಹದ ನೀರು, ಸುಣ್ಣ, ಮೇಣದಿಂದ ಆರು ತಿಂಗಳ ಮರಕ್ಕೆ ನೂರು ವರ್ಷದ ಬಣ್ಣ ಬರಿಸುವುದು ಕಷ್ಟವಲ್ಲ. ಕೊಳ್ಳುವವರು ಮುಂಭಾಗದ ಕೆತ್ತನೆಗೆ ಮರುಳಾಗದೆ ಕಪಾಟಿನ ಬೆನ್ನನ್ನು ನೋಡಬೇಕು. ಕೈಗರಗಸದಿಂದ ಸೀಳಿದ ಹಲಗೆಯ ಮೇಲೆ ಗೀರುಗಳು ನೆಟ್ಟಗೆ, ಸ್ವಲ್ಪ ಏರುಪೇರಾಗಿ ಇರುತ್ತವೆ; ಯಂತ್ರದ ದುಂಡು ಗರಗಸವು ಕಮಾನಿನಂತಹ ಗೀರು ಬಿಡುತ್ತದೆ. ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆಯ ಹಲ್ಲುಜೋಡಣೆಯನ್ನು ನೋಡಿರಿ. ಕೈಯಿಂದ ಕೊರೆದ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ತಿರುಪು ಮೊಳೆಯ ತಲೆಯಲ್ಲಿ ಅಡ್ಡ ಉದ್ದ ಎರಡೂ ಗೀರಿದ್ದರೆ, ಆ ತರಹದ ಮೊಳೆ ಬಳಕೆಗೆ ಬಂದದ್ದೇ 1930 ರ ದಶಕದಲ್ಲಿ ಎಂಬುದನ್ನು ನೆನಪಿಡಬೇಕು. ಅದು ರಿಪೇರಿಯಲ್ಲಿ ಸೇರಿದ್ದೂ ಇರಬಹುದು. ಆದರೆ ಎಲ್ಲ ಮೊಳೆಗಳೂ ಅಂತಹವೇ ಆದರೆ ಮಾರುವವನ ಅಜ್ಜನ ಕಥೆಯನ್ನು ನಂಬಬೇಕಾಗಿಲ್ಲ.

ಇನ್ನು ಗಾಜು. ಹಳೆಯ ಗಾಜಿನ ಮೂಲಕ ನೋಡುತ್ತ ತಲೆಯನ್ನು ಮೆಲ್ಲಗೆ ಅತ್ತಿತ್ತ ಸರಿಸಿದರೆ ಒಳಗಿನ ವಸ್ತುವು ನೀರಿನಲ್ಲಿದ್ದಂತೆ ಅಲುಗುತ್ತದೆ. ಅಲ್ಲಲ್ಲಿ ಎಳ್ಳಿನಷ್ಟು ಗಾಳಿಯ ಗುಳ್ಳೆಗಳು. ಕಾದು ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಕನ್ನಡಿಯಷ್ಟು ಸಮವಾದ ಹಾಳೆ ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿಯವರು 1959 ರಲ್ಲಿ ಪ್ರಕಟಿಸಿದರು. ಇಂದಿನ ಗಾಜೆಲ್ಲ ಬಹುಮಟ್ಟಿಗೆ ಅದೇ. ಗಾಜು ದ್ರವವಾದ್ದರಿಂದ ನೂರಾರು ವರ್ಷಗಳಲ್ಲಿ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗುತ್ತದೆಂಬ ಮಾತನ್ನು ವಿದ್ಯಾವಂತರೂ ಹೇಳುವುದುಂಟು. ಅದು ನಿಜವಲ್ಲ. ಊದಿ ಮಾಡಿದ ಹಾಳೆ ಹುಟ್ಟುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಳೆಯ ಕಪಾಟಿನ ಗಾಜು ಸ್ವಲ್ಪ ಬಿರುಕು ಬಿಟ್ಟಿದ್ದರೆ ಕೂಡಲೇ ಕಿತ್ತು ಹೊಸದು ಹಾಕಿಸಬೇಡಿರಿ. ಅಂತಹ ಗಾಜು ಹೋದರೆ ಮತ್ತೆ ಬರುವುದಿಲ್ಲ.

ಇಷ್ಟು ಕಪಾಟಿನ ಮಾತಾಯಿತು. ನಮ್ಮನ್ನು ಕಾಡುವುದು ಒಳಗಿರುವ ವಸ್ತುಗಳ ಮಾತು.

1970ರ ದಶಕದಿಂದೀಚೆಗೆ ನಮ್ಮ ಹಳ್ಳಿಗಳಲ್ಲಿ ನಡೆದ ಒಂದು ವ್ಯಾಪಾರವನ್ನು ನಮ್ಮ ವಯಸ್ಸಿನ ಓದುಗರು ಮರೆತಿರಲಾರರು. ತಲೆಯ ಮೇಲೆ ಬುಟ್ಟಿ ಹೊತ್ತವರು ಓಣಿ ಓಣಿ ತಿರುಗಿ, ಹಳೆಯ ತಾಮ್ರ ಹಿತ್ತಾಳೆಯನ್ನು ತೂಕಕ್ಕೆ ಹಾಕಿಕೊಂಡು ಹೊಸ ಸ್ಟೀಲಿನ ಪಾತ್ರೆ ಕೊಡುತ್ತಿದ್ದರು. ಕಲಾಯಿ ಮಾಡಿಸುವ ಕಾಟ ತಪ್ಪಿತು, ಹುಣಿಸೆ ಹಚ್ಚಿ ತಿಕ್ಕುವ ಕಷ್ಟ ತಪ್ಪಿತು ಎಂದು ತಾಯಂದಿರು ಸಂತೋಷಪಟ್ಟರು. ಅವರನ್ನು ನಾವು ದೂರುವುದಿಲ್ಲ. ಆ ಹಂಡೆಗಳನ್ನು ತಿಕ್ಕಿದ ಕೈಗಳು ಅವರವು, ಹೊಗಳಿದ ಬಾಯಿಗಳು ಗಂಡಸರವು. ಆದರೆ ತೂಕಕ್ಕೆ ಹೋದ ಆ ಪಾತ್ರೆಗಳಲ್ಲಿ ಎಲ್ಲವೂ ಕರಗಲಿಲ್ಲ. ಬಾಯಂಚಿನಲ್ಲಿ ಮನೆತನದ ಹೆಸರು ಕೊರೆದಿದ್ದ ಕೊಡಗಳು, ತವರಿನಿಂದ ಬಂದ ಸಮೆಗಳು, ಅಡಕೊತ್ತುಗಳು, ದಾಸೋಹದ ದೊಡ್ಡ ಪರಾತಗಳು ನಗರಗಳ ಅಂಗಡಿಗಳಿಗೆ ಸೇರಿ, ಅಲ್ಲಿಂದ ಗಾಜಿನ ಕಪಾಟುಗಳಿಗೆ ಸೇರಿದವು. ನಗರದ ಒಂದು ಮನೆಯಲ್ಲಿ ನಾವು ಇಂತಹ ಒಂದು ಕೊಡವನ್ನು ಕಂಡೆವು. ಅಂಚಿನಲ್ಲಿ ಒಂದು ಮನೆತನದ ಹೆಸರೂ ಊರಿನ ಹೆಸರೂ ಸ್ಪಷ್ಟವಾಗಿದ್ದವು. ಮನೆಯ ಯಜಮಾನರು ಸಜ್ಜನರು, ನಮ್ಮವರೇ. “ಇವರು ತಮಗೇನಾಗಬೇಕು?” ಎಂದು ಕೇಳಿದೆವು. “ಏನೂ ಇಲ್ಲ ಬುದ್ಧಿ, ಅಂಗಡಿಯಲ್ಲಿ ಚೆಂದ ಕಂಡಿತು, ತಂದೆವು” ಎಂದರು. ಅದನ್ನು ಕೊಟ್ಟ ಮನೆಯ ಮೊಮ್ಮಕ್ಕಳು ಇನ್ನಾವ ನಗರದಲ್ಲಿ ಇನ್ನಾರ ಮನೆತನದ ಕೊಡವನ್ನು ಕೊಂಡು ಇಟ್ಟಿರುವರೋ!

ಪಾತ್ರೆಗಿಂತ ಸೂಕ್ಷ್ಮವಾದುದು ಕರಡಿಗೆಯ ಪ್ರಶ್ನೆ. ಚೌಕವಿರಲಿ, ಗುಂಡಗಡಿಗೆಯಿರಲಿ, ಅದು ಇಷ್ಟಲಿಂಗದ ಮನೆ; ಶಿವದಾರದಲ್ಲಿ ತೂಗಿ ಎದೆಯ ಮೇಲೆ ಇರಬೇಕಾದದ್ದು. ಲಿಂಗೈಕ್ಯರಾದವರ ಇಷ್ಟಲಿಂಗವು ಅವರೊಡನೆಯೇ ಸಮಾಧಿಯನ್ನು ಸೇರುತ್ತದೆ. ಬೆಳ್ಳಿಯ ಕರಡಿಗೆಯನ್ನು ಮಾತ್ರ ಅನೇಕ ಮನೆಗಳಲ್ಲಿ ನೆನಪಿಗಾಗಿ ಉಳಿಸಿಕೊಳ್ಳುತ್ತಾರೆ. ಹಾಗೆ ಉಳಿದ ಬರಿದಾದ ಕರಡಿಗೆಯನ್ನು ಗಾಜಿನ ಹಿಂದೆ ಇಡುವುದರಲ್ಲಿ ಶಾಸ್ತ್ರದ ದೋಷವಿದೆಯೆಂದು ನಾವು ಹೆದರಿಸಲು ಹೊರಟಿಲ್ಲ. ಆದರೆ ಅದು ಅಲ್ಲಿರಲು ಕಾರಣವೇನೆಂದು ಕೇಳುವ ಹಕ್ಕು ನಮಗಿದೆ. ಅಜ್ಜಿಯು ಅರವತ್ತು ವರ್ಷ ಧರಿಸಿ, ಅಂಚಿನ ಕೆತ್ತನೆಯೆಲ್ಲ ಬೆರಳಿನಿಂದಲೇ ಸವೆದು ನುಣುಪಾದ ಕರಡಿಗೆಯು ಕಪಾಟಿನಲ್ಲಿ ಮೆರೆಯುತ್ತಿದ್ದರೆ, ಅದೇ ಮನೆಯ ಮೊಮ್ಮಗಳ ಕೊರಳಿನಲ್ಲಿ ಏನಿದೆ? ಲಿಂಗದೀಕ್ಷೆಯ ದಿನ ಹೊಸ ಕರಡಿಗೆಗಾಗಿ ಅಕ್ಕಸಾಲಿಗರ ಅಂಗಡಿಗೆ ಓಡುವವರು, ಮನೆಯಲ್ಲಿರುವ ಅಜ್ಜಿಯದನ್ನು ತೊಳೆದು, ಮುಚ್ಚಳ ಸಡಿಲವಾಗಿದ್ದರೆ ಬಿಗಿಮಾಡಿಸಿ, ಮಗುವಿಗೆ ಕೊಡಲೇಕೆ ಹಿಂಜರಿಯುತ್ತಾರೆ? ಸತ್ತವರ ವಸ್ತುವೆಂಬ ಅಳುಕು ಶರಣಧರ್ಮದ್ದಲ್ಲ. ಸೂತಕವನ್ನು ಅಲ್ಲಗಳೆದ ಪರಂಪರೆ ನಮ್ಮದು.

ಇಷ್ಟಲಿಂಗವಿರುವ ಕರಡಿಗೆಯನ್ನೇ ಕಪಾಟಿನಲ್ಲಿಟ್ಟ ಮನೆಗಳೂ ಇವೆ. ಇಲ್ಲಿ ನಮ್ಮ ಅಭಿಪ್ರಾಯ ನಿಷ್ಠುರವಾದುದು. ಅಂಗದ ಮೇಲಿರಬೇಕಾದ ಲಿಂಗವು ಪ್ರದರ್ಶನದ ವಸ್ತುವಾಗಲಾರದು. ಧರಿಸುವವರಿಲ್ಲದಿದ್ದರೆ ಮಠಕ್ಕೆ ಒಯ್ದು ಗುರುಗಳನ್ನು ಕೇಳಬೇಕು. ಸ್ಥಾವರ, ಜಂಗಮ ಎಂಬ ಮಾತುಗಳನ್ನು ನಾವು ಸಭೆಗಳಲ್ಲಿ ಸಾವಿರ ಸಲ ಕೇಳಿದ್ದೇವೆ, ಹೇಳಿದ್ದೇವೆ. ಮೈಮೇಲೆ ನಡೆದಾಡುತ್ತಿದ್ದುದನ್ನು ಕೀಲಿ ಹಾಕಿ ನಿಲ್ಲಿಸುವಾಗ ಅವು ನೆನಪಾಗುವುದಿಲ್ಲ.

ತಾಡವೋಲೆಯ ವಿಷಯದಲ್ಲಿ ನಮ್ಮ ಸಮಾಜಕ್ಕೆ ಒಂದು ದೊಡ್ಡ ಪಾಠವೇ ಇದೆ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗಳನ್ನು ಹುಡುಕಿಕೊಂಡು ಊರೂರು ಅಲೆದರು. ಅವು ನಾಶವಾಗಿರಲಿಲ್ಲ, ಮನೆಗಳಲ್ಲಿ, ಮಠಗಳಲ್ಲಿ ಭದ್ರವಾಗಿದ್ದವು. ಜಗಲಿಯ ಮೇಲೆ ವಿಭೂತಿ ಪತ್ರೆ ಧರಿಸಿ ಪೂಜೆಗೊಳ್ಳುತ್ತಿದ್ದವು. ಓದುವವರು ಮಾತ್ರ ಇರಲಿಲ್ಲ. ಆ ಕಟ್ಟುಗಳನ್ನು ಬಿಚ್ಚಿಸಿ, ನಕಲು ಮಾಡಿಸಿ, 1923 ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಅವರು ಹೊರತಂದರು, 1926 ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಕಳೆದುಕೊಂಡರು. ಮುಚ್ಚಿದ ಜಗಲಿಯೂ ಒಂದು ಕಪಾಟೇ ಎಂದು ನಾವು ಹೇಳಿದರೆ ಹಿರಿಯರು ಸಿಟ್ಟಾಗಬಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ತಂದುಕೊಟ್ಟ ಒಂದು ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆಯೆಂದು ಆರ್. ಶಾಮಶಾಸ್ತ್ರಿಗಳು 1905 ರಲ್ಲಿ ಗುರುತಿಸಿದರು; 1909 ರಲ್ಲಿ ಅದು ಅಚ್ಚಾಯಿತು. ಕೊಟ್ಟ ಪಂಡಿತರು ಅದನ್ನು ತಮ್ಮ ಮನೆಯಲ್ಲಿಯೇ ಅಂದವಾಗಿ ಇಟ್ಟುಕೊಂಡಿದ್ದರೆ ಜಗತ್ತಿಗೆ ಆ ಗ್ರಂಥ ಯಾವಾಗ ದೊರೆಯುತ್ತಿತ್ತೋ!

ಗಾಜಿನ ಕಪಾಟು ತಾಡವೋಲೆಗೆ ಒಳ್ಳೆಯ ಮನೆಯೂ ಅಲ್ಲ. ಬೆಳಕಿಗೆ ಸದಾ ತೆರೆದುಕೊಂಡ ಓಲೆ ಒಣಗಿ ಸೆಟೆಯುತ್ತದೆ, ಮುಟ್ಟಿದರೆ ಮುರಿಯುತ್ತದೆ. ನಾವು ಮಠದಲ್ಲಿ ಓದುತ್ತಿದ್ದಾಗ ವರ್ಷಕ್ಕೊಮ್ಮೆ ಕಟ್ಟುಗಳನ್ನು ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹರವಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ಕೆಲಸ ವಿದ್ಯಾರ್ಥಿಗಳದಾಗಿತ್ತು. ಆ ಎಣ್ಣೆ ಓಲೆಯನ್ನು ಮೆದುವಾಗಿಡುತ್ತದೆ, ಹುಳುವನ್ನು ದೂರವಿಡುತ್ತದೆ. ಬಳಿಕ ಎರಡು ಮರದ ಪಟ್ಟಿಗಳ ನಡುವೆ ಬಿಗಿಯಾಗಿ ಕಟ್ಟಿ ಹತ್ತಿಯ ಅರಿವೆಯಲ್ಲಿ ಸುತ್ತುವುದು. ಒರೆಸುವಾಗ ಒಬ್ಬನು ಒಂದೆರಡು ಸಾಲು ಓದದೆ ಇರುತ್ತಿರಲಿಲ್ಲ. ಅಕ್ಷರ ಕಲಿತದ್ದೇ ಹಾಗೆ. ಕಪಾಟಿನ ಶೋಭೆಗೆ ಓಲೆಯೇ ಬೇಕೆಂದರೆ ಒಂದು ಗರಿಯ ಛಾಯಾಚಿತ್ರವನ್ನು ಕಟ್ಟು ಹಾಕಿಸಿ ಇಡಬಹುದು. ಕಟ್ಟಿನ ಪ್ರತಿಯೊಂದು ಗರಿಯ ಚಿತ್ರವನ್ನೂ ತೆಗೆಸಿ ಧಾರವಾಡದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇವುಗಳಲ್ಲಿ ಒಂದಕ್ಕೆ ತೋರಿಸಿದರೆ, ಅದರೊಳಗೆ ಏನಿದೆಯೆಂಬುದಾದರೂ ಮನೆಯವರಿಗೆ ತಿಳಿದೀತು.

ಉಳಿದ ವಸ್ತುಗಳಿಗೆ ಕಪಾಟು ತಕ್ಕ ಸ್ಥಳವೇ. ಬಿದರಿಯ ಹೂದಾನಿಯನ್ನು ಹುಣಿಸೆಹಣ್ಣಿನಿಂದಾಗಲಿ ಅಂಗಡಿಯ ಪಾಲಿಷಿನಿಂದಾಗಲಿ ಎಂದಿಗೂ ತಿಕ್ಕಬಾರದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂಡಿಸಿ, ಬೀದರ ಕೋಟೆಯ ಮಣ್ಣು ನವಸಾಗರಗಳ ಕಾದ ದ್ರವದಲ್ಲಿ ಅದ್ದಿ ಬರಿಸಿದ ಕಪ್ಪು ಅದು. ಹುಳಿ ತಾಗಿದರೆ ಆ ಕಪ್ಪು ಹೋಗುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಚನ್ನಪಟ್ಟಣದ ಬೊಂಬೆಯ ಬಣ್ಣ ಅರಗಿನದು. ಬಿಸಿಲು ಬೀಳುವ ಕಿಟಕಿಯ ಎದುರು ಕಪಾಟನ್ನು ಇಡಬೇಡಿರಿ. ಒಳಗೆ ದೀಪ ಹಾಕಿಸುವ ಹವ್ಯಾಸವಿದ್ದವರು ಬಿಸಿಯಾಗುವ ಹಳೆಯ ಬಲ್ಬನ್ನು ಬಿಟ್ಟು ಎಲ್‌ಇಡಿ ಹಾಕಿಸಬೇಕು, ಅದನ್ನೂ ಬಂಧುಗಳು ಬಂದಾಗ ಮಾತ್ರ ಹಚ್ಚಬೇಕು. ಬೆಳ್ಳಿಯು ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ; ಉಣ್ಣೆಯ ಬಟ್ಟೆಯನ್ನಾಗಲಿ ರಬ್ಬರನ್ನಾಗಲಿ ಅದರ ಹತ್ತಿರ ಇಟ್ಟರೆ ಬೇಗ ಕಪ್ಪಾಗುತ್ತದೆ. ವಿಭೂತಿಯಿಂದ ಮೆಲ್ಲಗೆ ಉಜ್ಜುವ ನಮ್ಮ ಮನೆಗಳ ರೂಢಿ ಒಳ್ಳೆಯದು, ಆದರೆ ಸೂಕ್ಷ್ಮ ಕೆತ್ತನೆ ಇದ್ದಲ್ಲಿ ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಮಳೆಗಾಲದಲ್ಲಿ ನೀರು ಜಿನುಗುವ ಹೊರಗೋಡೆಗೆ ಕಪಾಟಿನ ಬೆನ್ನು ತಾಗಬಾರದು; ನಾಲ್ಕು ಬೆರಳಷ್ಟು ಜಾಗ ಬಿಟ್ಟರೆ ಗಾಳಿಯೂ ಆಡುತ್ತದೆ, ಗೆದ್ದಲಿನ ದಾರಿಯೂ ಕಣ್ಣಿಗೆ ಬೀಳುತ್ತದೆ.

ಪರದೇಶದಲ್ಲಿ ನೆಲೆಸಿದ ಮಕ್ಕಳು ರಜೆಗೆ ಬಂದು ಮರಳುವಾಗ ಅಜ್ಜನ ಕಾಲದ ವಸ್ತುವನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗುವುದು ಈಗ ಸಾಮಾನ್ಯ. ಅವರ ಪ್ರೀತಿ ದೊಡ್ಡದು. ಆದರೆ 1972 ರಲ್ಲಿ ಅಂಗೀಕೃತವಾಗಿ 1976 ರಿಂದ ಜಾರಿಯಲ್ಲಿರುವ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನೂ, ಎಪ್ಪತ್ತೈದು ವರ್ಷ ದಾಟಿದ, ಸಾಹಿತ್ಯ ಚರಿತ್ರೆಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಅಜ್ಜನ ಓಲೆಯ ಕಟ್ಟನ್ನು ಒಪ್ಪಿಸಿ ಕಣ್ಣೀರು ಹಾಕುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ಕಪಾಟು ಇರುವ ಮನೆಗಳಿಗೆ ನಮ್ಮದೊಂದು ವಿನಂತಿ. ಒಂದು ದಿನ, ಮನೆಯ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ, ಬಾಗಿಲು ತೆರೆದು ಒಂದೊಂದು ವಸ್ತುವನ್ನೂ ಅವರ ಕೈಗೆ ಕೊಡಿರಿ. ಇದು ಯಾರದು, ಯಾವ ಊರಿನಿಂದ ಬಂದಿತು, ಯಾವ ಲಗ್ನದಲ್ಲಿ ಯಾರು ಕೊಟ್ಟರು, ಇದರಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅದರ ಬುಡದಲ್ಲಿಡಿರಿ. ಬರೆಯುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ನಾವು ಮೇಲೆ ಹೇಳಿದ ಮನೆಯ ಯಜಮಾನರು ಈಚೆಗೆ ಆ ಕೊಡದ ಅಂಚಿನ ಊರಿಗೆ ಕಾಗದ ಬರೆದಿದ್ದಾರೆ. ಆ ಮನೆತನದವರು ಒಬ್ಬರು ಅಲ್ಲಿ ಇನ್ನೂ ಒಕ್ಕಲುತನ ಮಾಡಿಕೊಂಡಿದ್ದಾರೆಂದು ಉತ್ತರ ಬಂದಿದೆ. ಶ್ರಾವಣದಲ್ಲಿ ಕೊಡವನ್ನು ತೆಗೆದುಕೊಂಡು ಹೋಗುವವರಿದ್ದಾರೆ.